ಅಜ್ಜಿಯ ತಂಗಿಯನ್ನ ಮೆಂಟಲ್ ಆಸ್ಪತ್ರೆಗೆ ಸೇರಿಸಿದ್ರಾ, ಎಂಬತ್ತು ವರ್ಷ ಆದ್ಮೇಲೆ ಪತ್ತೆ ಹಚ್ಚೋದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿಯ ತಂಗಿ ರಾಣೆಬೆನ್ನೂರು ಕಡೆಯ ಹಳ್ಳಿಯವರು, ಹರಿಹರದ ಹತ್ರ ಮದುವೆ ಮಾಡಿ ಕೊಟ್ಟಿದ್ರು. 1940ರ ಆಸುಪಾಸು ಎರಡನೇ ಹೆರಿಗೆ ಆದ್ಮೇಲೆ ತಲೆ ಕೆಟ್ಟಿತ್ತು ಅಂತ ಎಲ್ಲೋ ಆಸ್ಪತ್ರೆಗೆ ಸೇರಿಸಿದ್ರಂತೆ, ಅವರು ವಾಪಸ್ ಬರಲೇ ಇಲ್ಲ. ಕೆಲವರು ಧಾರವಾಡ ಅಂತಾರೆ, ಕೆಲವರು ಬೆಂಗಳೂರು ಅಂತಾರೆ, ಮನೇಲಿ ಆ ಮಾತು ತೆಗೆದ್ರೇ ಎಲ್ಲರೂ ಸುಮ್ಮನಾಗ್ತಾರೆ. ಅವರು ನಿಜವಾಗ್ಲೂ ಅಲ್ಲಿದ್ರಾ, ಯಾವಾಗ ತೀರಿಕೊಂಡ್ರು ಅಂತ ಈಗ ತಿಳ್ಕೊಳ್ಳೋಕೆ ಆಗುತ್ತಾ? ಆಸ್ಪತ್ರೆಯವರು ನಮಗೆ ಹೇಳ್ತಾರಾ?

ಉತ್ತರ: ಆಗುತ್ತೆ. ಆದ್ರೆ ಬರೀ ಹೆಸರು ಹಿಡ್ಕೊಂಡು ಆಸ್ಪತ್ರೆ ಕೌಂಟರಿಗೆ ಹೋದ್ರೆ ಆಗಲ್ಲ. ಇಂಥ ಹುಡುಕಾಟದಲ್ಲಿ ಹೆಸರಿಗಿಂತ ಊರು ಮತ್ತು ವರ್ಷ ದೊಡ್ಡದು, ಇದನ್ನ ನಾನು ಕೇಳಿದವರಿಗೆಲ್ಲ ಹೇಳ್ತೀನಿ, ನಿಮ್ಮ ವಿಷಯದಲ್ಲಂತೂ ಇದು ನೂರಕ್ಕೆ ನೂರು ಸತ್ಯ, ಯಾಕಂದ್ರೆ ನಿಮ್ಮ ಅಜ್ಜಿ ತಂಗಿಯ ತವರು ಮತ್ತು ಗಂಡನ ಮನೆ ಮಧ್ಯೆ ತುಂಗಭದ್ರೆ ಇದ್ದಾಳೆ. ಈಗ ನಮಗೆ ಅದು ಬರೀ ಹೊಳೆ. 1940ರಲ್ಲಿ ಅದು ಎರಡು ಸರ್ಕಾರಗಳ ಗಡಿ. ಆಚೆ ರಾಣೆಬೆನ್ನೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು, ಈಚೆ ಹರಿಹರ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ. ಕಾಯಿಲೆ ಬಿದ್ದಾಗ ಅವರು ಯಾವ ದಡದ ಮನೇಲಿದ್ರು ಅನ್ನೋದರ ಮೇಲೆ ಯಾವ ಪೊಲೀಸು, ಯಾವ ಮ್ಯಾಜಿಸ್ಟ್ರೇಟು, ಯಾವ ಆಸ್ಪತ್ರೆ ಅನ್ನೋದೆಲ್ಲ ನಿರ್ಧಾರ ಆಗ್ತಿತ್ತು. ಮನೆಯವರಲ್ಲಿ ಅರ್ಧ ಜನ ಧಾರವಾಡ, ಅರ್ಧ ಜನ ಬೆಂಗಳೂರು ಅಂತಿರೋದಕ್ಕೂ ಇದೇ ಕಾರಣ ಇರಬಹುದು, ತವರಿನವರು ಒಂದು ಕೇಳಿದ್ದಾರೆ, ಗಂಡನ ಕಡೆಯವರು ಇನ್ನೊಂದು.

ನನ್ನ ಅಂದಾಜು ಹೇಳ್ತೀನಿ, ಅಂದಾಜು ಅಂತಲೇ ತಗೊಳ್ಳಿ. ಬಾಣಂತನ ತವರಲ್ಲೇ ಆಗಿದ್ರೆ ಅವರು ರಾಣೆಬೆನ್ನೂರು ಕಡೆ ಇದ್ದಿರಬೇಕು, ಹಾಗಾದ್ರೆ ಮೊದಲು ಧಾರವಾಡ ನೋಡಬೇಕು. ಎರಡನೇ ಹೆರಿಗೆ ಗಂಡನ ಮನೇಲೇ ಆಗಿದ್ರೆ ಅಥವಾ ಮಗು ಕರ್ಕೊಂಡು ವಾಪಸ್ ಹೋದ್ಮೇಲೆ ಕಾಯಿಲೆ ಶುರುವಾಗಿದ್ರೆ ಬೆಂಗಳೂರು. ಅದಕ್ಕೇ ಮನೆಯ ಹಿರಿಯರ ಹತ್ರ "ಎಲ್ಲಿಗೆ ಸೇರಿಸಿದ್ರಿ" ಅಂತ ನೇರವಾಗಿ ಕೇಳಬೇಡಿ, ಬಾಯಿ ಬಿಡಲ್ಲ. "ಎರಡನೇ ಹೆರಿಗೆ ಯಾವ ಮನೇಲಿ ಆಯ್ತು, ಸೂಲಗಿತ್ತಿ ಯಾರು ಬಂದಿದ್ರು, ಆ ಮಗು ಉಳೀತಾ, ಯಾರು ಸಾಕಿದ್ರು" ಅಂತ ಕೇಳಿ. ಹೆರಿಗೆ ವಿಷಯ ಮಾತಾಡೋಕೆ ಹಿರಿಯ ಹೆಂಗಸರಿಗೆ ಅಷ್ಟು ಸಂಕೋಚ ಇರಲ್ಲ, ಮಾತು ತಾನೇ ಮುಂದಕ್ಕೆ ಹೋಗುತ್ತೆ.

ವರ್ಷ ಗಟ್ಟಿ ಮಾಡ್ಕೊಳ್ಳೋದು ಎರಡನೇ ಕೆಲಸ. ಹಿರಿಯರು ಇಸವಿ ಹೇಳಲ್ಲ, ಸಂವತ್ಸರ ಹೇಳ್ತಾರೆ. ಪ್ರಮಾಥಿ ಅಂದ್ರೆ 1939ರ ಯುಗಾದಿಯಿಂದ 40ರ ಯುಗಾದಿವರೆಗೆ, ವಿಕ್ರಮ ಅಂದ್ರೆ 1940-41, ವೃಷ 1941-42, ಚಿತ್ರಭಾನು 1942-43. ಅದೂ ನೆನಪಿಲ್ಲ ಅಂದ್ರೆ ಯುದ್ಧ ಶುರುವಾಗಿತ್ತಾ, ಚಲೇಜಾವ್ ಗಲಾಟೆಗೆ ಮುಂಚೇನಾ ಆಮೇಲಾ ಅಂತ ಕೇಳಿ. ಮೊದಲನೇ ಮಗು ಶಾಲೆಗೆ ಹೋಗಿದ್ರೆ ಆ ಶಾಲೆಯ ದಾಖಲಾತಿ ರಿಜಿಸ್ಟರಲ್ಲಿ ಹುಟ್ಟಿದ ತಾರೀಕು ಇರುತ್ತೆ, ಆ ಕಾಲದ ತಾರೀಕು ಮೇಷ್ಟ್ರು ಅಂದಾಜಿಗೆ ಬರೆದದ್ದೇ ಜಾಸ್ತಿ, ಆದ್ರೂ ಎರಡು ಮೂರು ವರ್ಷದ ಒಳಗೆ ನಿಮ್ಮನ್ನ ತಂದು ನಿಲ್ಲಿಸುತ್ತೆ, ಅಷ್ಟು ಸಾಕು.

ಇನ್ನು ಮನೆ ಪೆಟ್ಟಿಗೆ. ಇದನ್ನ ಯಾರೂ ನೋಡಲ್ಲ, ನನಗೆ ಇದೇ ಬೇಜಾರು. ಆ ಕಾಲದಲ್ಲಿ ಅನುಕೂಲ ಇರೋ ಮನೆಯವರ ಹತ್ರ ರೋಗಿಯ ಖರ್ಚು ಕೇಳ್ತಿದ್ರು, ಸರ್ಕಾರದಿಂದ ಕಾಗದ ಬರ್ತಿತ್ತು, ಮನೆಯವರು ಮನಿಯಾರ್ಡರ್ ಮಾಡ್ತಿದ್ರು. ಹಾಗಾಗಿ ಹಳೇ ಮನಿಯಾರ್ಡರ್ ರಸೀದಿ, ಪೋಸ್ಟ್‌ಕಾರ್ಡು, ಸರ್ಕಾರಿ ಸೀಲಿನ ಕವರು ಯಾವುದಿದ್ರೂ ಅಂಚೆ ಮುದ್ರೆ ಓದಿ, ಊರು ಮತ್ತು ತಾರೀಕು ಎರಡೂ ಅಲ್ಲೇ ಸಿಗುತ್ತೆ. ಜಮೀನಿನ ಪತ್ರಗಳನ್ನೂ ನೋಡಿ. ಅವರ ಹೆಸರಲ್ಲಿ ಅಥವಾ ಅವರ ಪಾಲಿಗೆ ಏನಾದ್ರೂ ಇದ್ದು ಅದನ್ನ ಮಾರಿದ್ರೆ ಇಲ್ಲಾ ಭಾಗ ಮಾಡಿದ್ರೆ, ಬುದ್ಧಿ ಸ್ವಾಧೀನ ಇಲ್ಲದ ಕಾರಣ ಇಂಥವರು ಗಾರ್ಡಿಯನ್ ಅಂತ ಪತ್ರದಲ್ಲಿ ಬರೆದಿರಬಹುದು. ಆಸ್ತಿ ಇರೋ ರೋಗಿಗೆ ಗಾರ್ಡಿಯನ್ ನೇಮಿಸೋಕೆ ಜಿಲ್ಲಾ ಕೋರ್ಟಲ್ಲಿ ವಿಚಾರಣೆ ನಡೀಬೇಕಿತ್ತು, ಅದಾಗಿದ್ರೆ ಕೋರ್ಟ್ ಕೇಸ್ ನಂಬರೇ ಸಿಕ್ಕಿಬಿಡುತ್ತೆ. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಹಳೇ ಇಂಡೆಕ್ಸ್ ಪುಸ್ತಕ ಕೈಯಲ್ಲೇ ಹುಡುಕಿಸಬೇಕಾಗುತ್ತೆ, ಆನ್‌ಲೈನಲ್ಲಿ ಅಷ್ಟು ಹಿಂದಿನದ್ದು ಬರಲ್ಲ.

ಈಗ ಆಸ್ಪತ್ರೆಗೆ ಸೇರಿಸೋ ರೀತಿ ಹೇಗಿತ್ತು ಅಂತ ಸ್ವಲ್ಪ ಹೇಳ್ಬೇಕು, ಅದು ಗೊತ್ತಿದ್ರೆ ಯಾವ ಕಾಗದ ಎಲ್ಲಿರಬಹುದು ಅಂತ ನಿಮಗೇ ಹೊಳೆಯುತ್ತೆ. ಧಾರವಾಡ ಬ್ರಿಟಿಷ್ ಆಡಳಿತದಲ್ಲಿದ್ದದ್ದರಿಂದ ಅಲ್ಲಿಗೆ 1912ರ ಇಂಡಿಯನ್ ಲೂನಸಿ ಆಕ್ಟ್, ಅಂದ್ರೆ ಆ ಕಾಲದ ಮಾನಸಿಕ ರೋಗಿಗಳ ಕಾಯ್ದೆ, ನೇರವಾಗಿ ಲಾಗೂ. ಗಂಡನೋ ಅಣ್ಣನೋ ಮ್ಯಾಜಿಸ್ಟ್ರೇಟ್ ಹತ್ರ ಅರ್ಜಿ ಕೊಡಬೇಕು, ಅರ್ಜಿ ಕೊಟ್ಟೋರು ಅದಕ್ಕೆ ಮುಂಚಿನ 14 ದಿನದೊಳಗೆ ರೋಗಿಯನ್ನ ಕಣ್ಣಾರೆ ನೋಡಿರಬೇಕು, ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಎರಡು ಸರ್ಟಿಫಿಕೇಟ್ ಕೊಡಬೇಕು, ಆಮೇಲೆ ಮ್ಯಾಜಿಸ್ಟ್ರೇಟು ರಿಸೆಪ್ಷನ್ ಆರ್ಡರ್ ಅಂತ ಬರೆದ್ರೆ ಮಾತ್ರ ಒಳಗೆ. ಅರ್ಜಿ ಜೊತೆ ಒಂದು ವಿವರದ ಫಾರಂ ಇರ್ತಿತ್ತು, ಅದರಲ್ಲಿ ಹೆಸರು, ವಯಸ್ಸು, ಮದುವೆ ಆಗಿದೆಯಾ, ಜಾತಿ, ಕಸುಬು, ಊರು, ಹತ್ತಿರದ ಸಂಬಂಧಿಕರು ಯಾರು, ಇದು ಮೊದಲನೇ ಸಲಾನಾ, ಎಷ್ಟು ದಿನದಿಂದ, ಕಾರಣ ಏನಂತ ಅಂದ್ಕೊಂಡಿದ್ದಾರೆ, ಇಷ್ಟೆಲ್ಲ ಬರೀಬೇಕಿತ್ತು. ನಿಮಗೆ ಬೇಕಾಗಿರೋದು ಈ ಫಾರಂ. ಎಂಬತ್ತು ವರ್ಷ ಹಿಂದೆ ಆ ಹೆಣ್ಣುಮಗಳ ಬಗ್ಗೆ ಮನೆಯವರು ಸರ್ಕಾರದ ಮುಂದೆ ಏನು ಹೇಳಿದ್ರು ಅನ್ನೋದು ಅದರಲ್ಲಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಕಡತ ಇಷ್ಟು ವರ್ಷ ಉಳಿದಿರೋದು ಕಷ್ಟ, ಆದ್ರೆ ಆರ್ಡರಿನ ಪ್ರತಿ ಆಸ್ಪತ್ರೆಗೂ ಹೋಗ್ತಿತ್ತು, ಹಾಗಾಗಿ ರೋಗಿಯ ಫೈಲ್ ಉಳಿದಿದ್ರೆ ಇದೂ ಅದರೊಳಗೇ ಇರಬೇಕು.

ಇನ್ನೊಂದು ದಾರಿ ಪೊಲೀಸರದ್ದು. ಬೀದಿಯಲ್ಲಿ ಅಲೀತಾ ಇದ್ದೋರನ್ನ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದ್ರೆ, ಮೊದಲು ಹತ್ತು ದಿನದ ತನಕ ನಿಗಾದಲ್ಲಿಟ್ಟು ಆಮೇಲೆ ಕಳಿಸಬಹುದಿತ್ತು. ಈ ದಾರೀಲಿ ಬಂದೋರ ಕಾಗದದಲ್ಲಿ ಮನೆಯವರ ಹೆಸರೇ ಇರಲ್ಲ, ಎಷ್ಟೋ ಸಲ ಸ್ವಂತ ಹೆಸರೂ ಸರಿಯಾಗಿರಲ್ಲ. ನಿಮ್ಮ ಅಜ್ಜಿ ತಂಗಿ ಮನೆ ಬಿಟ್ಟು ಹೋಗಿ ಆಮೇಲೆ ಆಸ್ಪತ್ರೆ ಸೇರಿದ್ರು ಅಂತ ಯಾರಾದ್ರೂ ಹೇಳಿದ್ರೆ ಇದನ್ನ ನೆನಪಿಡಿ, ಆಗ ಹೆಸರು ಬಿಟ್ಟು ವಯಸ್ಸು, ತಿಂಗಳು, ಸಿಕ್ಕಿದ ಜಾಗ ಇಟ್ಕೊಂಡು ಹುಡುಕಬೇಕು.

ಹೆಸರಿನ ವಿಷಯಕ್ಕೆ ಬಂದೆ, ಹೇಳಿಬಿಡ್ತೀನಿ. ರಿಜಿಸ್ಟರು ಇಂಗ್ಲಿಷಿನದ್ದು, ಬರೆದೋನು ಕಿವಿಗೆ ಬಿದ್ದಂಗೆ ಬರೆದಿದ್ದಾನೆ. ಧಾರವಾಡದಲ್ಲಿ ಗಂಗವ್ವ ಅಂತಿದ್ದೋರು ಬೆಂಗಳೂರಿನ ಪುಸ್ತಕದಲ್ಲಿ ಗಂಗಮ್ಮ ಆಗಿಬಿಟ್ಟಿರ್ತಾರೆ. ಹೆಂಗಸರನ್ನ ಗಂಡನ ಹೆಸರಿಂದ ಗುರುತಿಸ್ತಿದ್ರು, "ಗಂಗವ್ವ ಕೋಂ ಇಂಥವರು" ಅಂತ, ಕೋಂ ಅಂದ್ರೆ ಇಂಥವರ ಹೆಂಡತಿ, ಹಾಗಾಗಿ ಗಂಡನ ಹೆಸರು, ಅಪ್ಪನ ಹೆಸರು, ಎರಡೂ ಮನೆತನದ ಅಡ್ಡಹೆಸರು, ಎಲ್ಲವನ್ನೂ ಅರ್ಜಿಯಲ್ಲಿ ಹಾಕಿ. ವಯಸ್ಸು ಐದು ವರ್ಷ ಆಚೆ ಈಚೆ ಇರುತ್ತೆ. ಊರುಗಳ ಹಳೇ ಹೆಸರೂ ಗೊತ್ತಿರಬೇಕು, ಚಿತ್ರದುರ್ಗ ಆಗ ಚಿತಲ್‌ದ್ರುಗ್. ಬೇರೆ ಕಡೆಯವರು ಇದನ್ನ ಓದ್ತಿದ್ರೆ ಅವರಿಗೂ ಹೇಳ್ತೀನಿ, ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕನಕಪುರ ಕಾನಕಾನಹಳ್ಳಿ, ಕೆ.ಆರ್. ನಗರ ಎಡತೊರೆ, ಕೆ.ಆರ್. ಪೇಟೆ ಅತ್ತಿಕುಪ್ಪೆ. ಈಗಿನ ಹೆಸರು ಹಾಕಿ ಹುಡುಕಿ ಸಿಗ್ಲಿಲ್ಲ ಅಂತ ಕೈ ಬಿಟ್ಟೋರು ತುಂಬಾ ಜನ ಇದ್ದಾರೆ.

ಧಾರವಾಡದ ಆಸ್ಪತ್ರೆ ಶುರುವಾಗಿದ್ದು 1840ರ ದಶಕದಲ್ಲಿ, ಈಗ ಅದೇ ಡಿಮ್ಹಾನ್ಸ್. ಮುಂಬೈ ಪ್ರಾಂತ್ಯದಲ್ಲಿ ಕೊಲಾಬಾ, ಪುಣೆ, ಅಹಮದಾಬಾದ್, ರತ್ನಾಗಿರಿ ಇವುಗಳ ಸಾಲಲ್ಲಿ ಧಾರವಾಡದ್ದೂ ಒಂದು. 1956ರ ನವೆಂಬರ್ 1ರವರೆಗೆ ಅದು ಮುಂಬೈ ಸರ್ಕಾರದ್ದು, ಆದ್ದರಿಂದ ಆ ಕಾಲದ ಆಡಳಿತದ ಪತ್ರವ್ಯವಹಾರ ಹುಡುಕಬೇಕಂದ್ರೆ ಬೆಂಗಳೂರಿಗೆ ಬಂದು ಪ್ರಯೋಜನ ಇಲ್ಲ, ಮುಂಬೈಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರೋ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ನೋಡಬೇಕು. ಆದ್ರೆ ಒಬ್ಬ ಸಾಮಾನ್ಯ ರೋಗಿಯ ಬಗ್ಗೆ ಸರ್ಕಾರದ ಮಟ್ಟದಲ್ಲಿ ಕಾಗದ ಓಡಾಡಿದ್ದು ಕಮ್ಮಿ, ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ವರ್ಗ ಮಾಡೋದು, ಖರ್ಚು ಯಾರು ಕೊಡಬೇಕು ಅನ್ನೋ ಜಗಳ, ಇಂಥ ಕಾರಣ ಇದ್ರೆ ಮಾತ್ರ. ನಿಮ್ಮ ಕೇಸಲ್ಲಿ ಗಡಿ ಇರೋದ್ರಿಂದ, ಗಂಡ ಮೈಸೂರಿನ ಪ್ರಜೆ ಹೆಂಡತಿ ಧಾರವಾಡದ ಆಸ್ಪತ್ರೇಲಿ ಅಂತಾಗಿದ್ರೆ, ಅಂಥ ಕಾಗದ ಹುಟ್ಟಿರೋ ಸಾಧ್ಯತೆ ಇದೆ. ಆದ್ರೂ ಮೊದಲೇ ಮುಂಬೈಗೆ ಓಡಬೇಡಿ, ಡಿಮ್ಹಾನ್ಸಿಗೆ ಬರೆದು ಉತ್ತರ ಬಂದ್ಮೇಲೆ ನೋಡೋಣ.

ಬೆಂಗಳೂರಿನ ಆಸ್ಪತ್ರೆ ಈಗ ಎಲ್ಲರಿಗೂ ಗೊತ್ತಿರೋ ನಿಮ್ಹಾನ್ಸ್. 1847ರಲ್ಲಿ ಬೆಂಗಳೂರು ಲುನಾಟಿಕ್ ಅಸೈಲಂ ಅಂತ ಪೇಟೆ ಕಡೆ, ಈಗಿನ ಮೈಸೂರ್ ಬ್ಯಾಂಕ್ ಸರ್ಕಲ್ ಹತ್ರ ಇತ್ತು, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಯ್ತು, 1930ರ ದಶಕದ ಕೊನೆಗೆ ಹೊಸೂರು ರಸ್ತೆ ಕಡೆ ಲಕ್ಕಸಂದ್ರದ ಹೊಸ ಜಾಗಕ್ಕೆ ಬಂತು. ಅಂದ್ರೆ ನಿಮ್ಮ ಅಜ್ಜಿ ತಂಗಿ ಬೆಂಗಳೂರಿಗೆ ಬಂದಿದ್ರೆ ಅವರು ಇದ್ದದ್ದು ಈಗಿನ ಆವರಣದಲ್ಲೇ. ಹೊಸ ಕಟ್ಟಡ, ವಿಶಾಲ ಜಾಗ, ಡಾ. ಫ್ರಾಂಕ್ ನರೋನಾ ಮತ್ತು ಅವರಾದ್ಮೇಲೆ ಡಾ. ಎಂ.ವಿ. ಗೋವಿಂದಸ್ವಾಮಿ ಅಂಥವರು ನೋಡಿಕೊಂಡ ಆಸ್ಪತ್ರೆ ಅದು, ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಮ್ಯಾಪೋದರ್ ಆ ದಿನಗಳಲ್ಲಿ ಭಾರತದ ಆಸ್ಪತ್ರೆಗಳನ್ನ ನೋಡೋಕೆ ಬಂದಾಗ ಬೆಂಗಳೂರಿನದ್ದನ್ನ ಮೆಚ್ಚಿಕೊಂಡಿದ್ರು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಹಳೇ ಮೆಂಟಲ್ ಆಸ್ಪತ್ರೆ ಅಂದ ತಕ್ಷಣ ಸಂಕೋಲೆ ಕತ್ತಲೆ ಕೋಣೆ ಅಂತ ಮನಸ್ಸಿಗೆ ಬಂದು ಎಷ್ಟೋ ಮನೆಯವರು ಹುಡುಕೋಕೇ ಹೆದರ್ತಾರೆ. ಒಳ್ಳೇದೂ ಇತ್ತು, ಕೆಟ್ಟದ್ದೂ ಇತ್ತು, ಯಾವುದಿತ್ತು ಅಂತ ಫೈಲ್ ಹೇಳಲಿ.

ನಿಮ್ಹಾನ್ಸಲ್ಲಿ ಹಳೇ ದಾಖಲೆಗಳ ಬಗ್ಗೆ ಕಾಳಜಿ ಇದೆ, ಅಲ್ಲೊಂದು ಹೆರಿಟೇಜ್ ಮ್ಯೂಸಿಯಂ ಇದೆ, ಹಳೇ ಕೇಸ್ ನೋಟ್‌ಗಳನ್ನ ಓದಿ ಅಲ್ಲಿನ ವೈದ್ಯರೇ ಇತಿಹಾಸದ ಲೇಖನ ಬರೆದಿದ್ದಾರೆ. 1954ರಲ್ಲಿ ಅದೇ ಜಾಗದಲ್ಲಿ ಕೇಂದ್ರದ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಬಂತು, 1974ರ ಡಿಸೆಂಬರ್ 27ಕ್ಕೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲಿವರೆಗೆ ಆಸ್ಪತ್ರೆ ರಾಜ್ಯ ಸರ್ಕಾರದ್ದು, ಹಾಗಾಗಿ ರೋಗಿಗಳ ಕಾಗದ ನಿಮ್ಹಾನ್ಸಲ್ಲಿ ಕೇಳಬೇಕು, ಸರ್ಕಾರದ ಮೆಡಿಕಲ್ ಇಲಾಖೆ ಫೈಲುಗಳನ್ನ ವಿಧಾನಸೌಧದಲ್ಲಿರೋ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು. ಕಂಟೋನ್ಮೆಂಟ್ ಕಡೆಯವರ ಬಗ್ಗೆ ಹುಡುಕೋರಿಗೆ ಇನ್ನೊಂದು ಮಾತು, 1947ರವರೆಗೆ ಕಂಟೋನ್ಮೆಂಟ್ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ರೆಸಿಡೆಂಟನ ಕೈಲಿತ್ತು, ಮೈಸೂರು ರೆಸಿಡೆನ್ಸಿ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವರ ಅಭಿಲೇಖ್ ಪಟಲ್ ಅನ್ನೋ ಪೋರ್ಟಲಲ್ಲಿ ಮನೇಲೇ ಕೂತು ಹುಡುಕಬಹುದು.

ಆನ್‌ಲೈನಲ್ಲಿ ಏನಾದ್ರೂ ಸಿಗುತ್ತಾ ಅಂದ್ರೆ, ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳನ್ನ ಸ್ಕ್ಯಾನ್ ಮಾಡಿ ಫ್ರೀಯಾಗಿ ಹಾಕಿದೆ, ಮುಂಬೈ ಪ್ರಾಂತ್ಯದ ವರದಿಗಳಲ್ಲಿ ಧಾರವಾಡದ ಲೆಕ್ಕವೂ ಬರುತ್ತೆ. ಅದರಲ್ಲಿ ಹೆಸರಿರಲ್ಲ, ಬರೀ ಕೋಷ್ಟಕ. ಎಷ್ಟು ಜನ ಬಂದ್ರು, ಎಷ್ಟು ಜನ ಬಿಡುಗಡೆ ಆದ್ರು, ಸತ್ತರು, ಕಸುಬು, ಧರ್ಮ, ಕಾಯಿಲೆಯ ಕಾರಣ. ನಿಮ್ಮ ಅಜ್ಜಿ ತಂಗಿ ಅಲ್ಲಿ ಸಿಗಲ್ಲ, ಆದ್ರೆ ಅವರಿದ್ದ ಜಾಗ ಹೇಗಿತ್ತು ಅಂತ ಗೊತ್ತಾಗುತ್ತೆ. ದುಡ್ಡು ಕೊಟ್ಟು ವಂಶಾವಳಿ ಹುಡುಕೋ ವಿದೇಶಿ ವೆಬ್‌ಸೈಟುಗಳಿಗೆ ದಯವಿಟ್ಟು ದುಡ್ಡು ಸುರೀಬೇಡಿ, ಈ ವಿಷಯದಲ್ಲಿ ಅಲ್ಲಿರೋದು ಬಹುತೇಕ ಯುರೋಪಿಯನ್ನರ ವಿವರ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಅವರು ಹೇಳ್ತಾರಾ ಅಂತ. ಮೊದಲು ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ ಒಂದು ಪುಟದ ಮರ್ಯಾದೆಯ ಪತ್ರ ಬರೀರಿ, ನೀವು ಯಾರು, ಅವರು ನಿಮಗೇನಾಗಬೇಕು, ಊರು, ವರ್ಷ, ಹೆಸರಿನ ಎಲ್ಲಾ ರೂಪ, ಯಾಕೆ ಕೇಳ್ತಿದ್ದೀರಿ, ಇಷ್ಟು. ವಂಶವೃಕ್ಷ ಇದ್ರೆ ಜೊತೆಗಿಡಿ. ಗೋಪ್ಯ ಅಂತ ಹೇಳಿ ವಾಪಸ್ ಕಳಿಸಬಹುದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಗೋಪ್ಯತೆ ಬಗ್ಗೆ ಗಟ್ಟಿ ಕಲಮು ಇದೆ, ತನ್ನ ದಾಖಲೆ ನೋಡೋ ಹಕ್ಕು ಅದರಲ್ಲಿ ರೋಗಿಗೆ ಇದೆ, ಹಾಗಾಗಿ ಅವರು ಹಿಂಜರಿಯೋದು ತಪ್ಪಲ್ಲ, ಬದುಕಿರೋ ರೋಗಿಗಳ ಮಾನ ಕಾಯೋಕೆ ಅದು ಬೇಕೇ ಬೇಕು. ಆದ್ರೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರ್ಜಿ ಹಾಕೋ ದಿನಕ್ಕೆ 20 ವರ್ಷ ದಾಟಿದ ಘಟನೆಯ ಮಾಹಿತಿಯನ್ನ, ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಮಂತ್ರಿಮಂಡಲದ ಕಾಗದ ಈ ಮೂರು ಬಗೆ ಬಿಟ್ಟರೆ, ಕೊಡಬೇಕು ಅನ್ನುತ್ತೆ ಅದು. ವೈಯಕ್ತಿಕ ಮಾಹಿತಿ ಅನ್ನೋ ವಿನಾಯಿತಿ ಈ ಮೂರರಲ್ಲಿ ಬರಲ್ಲ. ಅರ್ಜಿಯಲ್ಲಿ ಈ ಕಲಮನ್ನ ಹೆಸರಿಸಿ ಬರೀರಿ.

ಅರ್ಜಿ ಬರೆಯೋದ್ರಲ್ಲೂ ಒಂದು ಕ್ರಮ ಇದೆ. ಡಿಮ್ಹಾನ್ಸ್ ರಾಜ್ಯದ್ದು, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಿಮ್ಹಾನ್ಸ್ ಕೇಂದ್ರದ್ದು, ಅಲ್ಲಿಗೆ ಕೇಂದ್ರದ ಆರ್‌ಟಿಐ ಪೋರ್ಟಲಿಂದಲೂ ಹಾಕಬಹುದು. ಎರಡಕ್ಕೂ ಫೀಸು ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ, ಸಮಾಧಾನ ಆಗದಿದ್ರೆ ಇನ್ನು 30 ದಿನದೊಳಗೆ ಮೇಲ್ಮನವಿ. "ನಮ್ಮ ಅಜ್ಜಿ ತಂಗಿ ಬಗ್ಗೆ ಇರೋ ಮಾಹಿತಿ ಕೊಡಿ" ಅಂತ ಬರೀಬೇಡಿ. 1939ರಿಂದ 1943ರವರೆಗಿನ ಮಹಿಳಾ ರೋಗಿಗಳ ಅಡ್ಮಿಷನ್ ರಿಜಿಸ್ಟರ್ ಇದೆಯಾ, ಇದ್ರೆ ಇಂಥ ಹೆಸರಿನ ನಮೂದಿನ ದೃಢೀಕೃತ ಪ್ರತಿ ಕೊಡಿ, ಇಲ್ಲದಿದ್ರೆ ಅದನ್ನ ನಾಶ ಮಾಡಿದ ಆದೇಶದ ಅಥವಾ ಪತ್ರಾಗಾರಕ್ಕೆ ಕಳಿಸಿದ ಪಟ್ಟಿಯ ಪ್ರತಿ ಕೊಡಿ, ಅಂತ ಬರೀರಿ. ಕೊನೆಯ ಸಾಲು ಬಹಳ ಮುಖ್ಯ, "ಲಭ್ಯವಿಲ್ಲ" ಅಂತ ಒಂದೇ ಪದದಲ್ಲಿ ಮುಗಿಸೋಕೆ ಅದು ಬಿಡಲ್ಲ, ಯಾರೋ ಒಬ್ಬರು ಎದ್ದು ಹೋಗಿ ರೆಕಾರ್ಡ್ ರೂಮಲ್ಲಿ ನೋಡಲೇಬೇಕಾಗುತ್ತೆ.

ತೀರಿಕೊಂಡ ದಿನಕ್ಕೆ ಬೇರೆ ದಾರಿ ಇದೆ, ಇದನ್ನ ಆಸ್ಪತ್ರೆ ಉತ್ತರಕ್ಕೆ ಕಾಯದೆ ಶುರು ಮಾಡಿ. ಸಾವು ನೋಂದಣಿ ಆಗೋದು ಸತ್ತ ಜಾಗದಲ್ಲಿ, ಸ್ವಂತ ಊರಲ್ಲಿ ಅಲ್ಲ. ಧಾರವಾಡ ಮತ್ತು ಬೆಂಗಳೂರು ಎರಡೂ ನಗರಗಳ ಪಾಲಿಕೆಗಳಲ್ಲಿ ಹಳೇ ರಿಜಿಸ್ಟರ್ ಹುಡುಕಿಸಿ, ಊರಿನ ಪಟೇಲರು ಶಾನುಭೋಗರು ಬರೆದಿಟ್ಟ ಜನನ ಮರಣ ಪುಸ್ತಕ ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಕೇಳಿ. ಈಗ ಜಿಲ್ಲೆಗಳು ಹಾವೇರಿ ಮತ್ತು ದಾವಣಗೆರೆ ಆಗಿವೆ, 1997ರಲ್ಲಿ ಒಡೆದಾಗ ಎಷ್ಟೋ ಹಳೇ ಕಾಗದ ಧಾರವಾಡ, ಚಿತ್ರದುರ್ಗದಲ್ಲೇ ಉಳಿದಿರಬಹುದು, ಅಲ್ಲೂ ವಿಚಾರಿಸಿ. ಮರಣ ದಾಖಲೆಯಿಂದ ನಿಮಗೆ ಕೊಡೋ ಪ್ರತಿಯಲ್ಲಿ ಸಾವಿನ ಕಾರಣ ಬರೆದುಕೊಡಲ್ಲ, ಕಾನೂನೇ ಹಾಗಿದೆ, ಆದ್ರೆ ಸತ್ತ ಸ್ಥಳ ಇರುತ್ತೆ. ಆ ಕಾಲಮ್ಮಲ್ಲಿ ಮೆಂಟಲ್ ಹಾಸ್ಪಿಟಲ್ ಅಂತಿದ್ರೆ ನಿಮ್ಮ ಎರಡೂ ಪ್ರಶ್ನೆಗೆ ಒಂದೇ ಕಡೆ ಉತ್ತರ. ಹುಡುಕುವಾಗ 1940ರ ದಶಕಕ್ಕೇ ನಿಲ್ಲಿಸಬೇಡಿ, ಅವರು 60ರ ದಶಕದವರೆಗೂ ಬದುಕಿದ್ದಿರಬಹುದು. ಯಾರೂ ಕೇಳಿಕೊಂಡು ಬರದ ಶವಗಳನ್ನ ಮೆಡಿಕಲ್ ಕಾಲೇಜಿಗೆ ಕೊಡೋಕೆ ಮುಂಬೈಯಲ್ಲಿ 1949ರಲ್ಲಿ, ಮೈಸೂರಲ್ಲಿ 1957ರಲ್ಲಿ ಕಾಯ್ದೆ ಬಂತು, ಆದ್ದರಿಂದ ಸಮಾಧಿ ಅಂತ ಒಂದು ಜಾಗ ಇಲ್ಲದೇ ಇರಬಹುದು, ಇದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡಿರಿ. ತಿಥಿ ಸಿಗದೇ ಹೋದ್ರೆ, ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಅಂತ ನಮ್ಮಲ್ಲಿ ಇದ್ದೇ ಇದೆ, ನಿಮ್ಮ ಮನೇಲಿ ಆ ಪದ್ಧತಿ ಇದ್ರೆ ಅದಕ್ಕಾಗಿ ಕಾಯಬೇಕಿಲ್ಲ.

ಎಲ್ಲೂ ಹೆಸರು ಸಿಗ್ಲಿಲ್ಲ ಅಂದ್ರೆ ಅವರು ಅಲ್ಲಿರಲಿಲ್ಲ ಅಂತ ಅರ್ಥ ಅಲ್ಲ, ರಿಜಿಸ್ಟರು ಹೋಗಿರಬಹುದು. ಹಾಗೇ ಸಿಕ್ಕಿದ್ರೆ ಅಲ್ಲೇ ಸತ್ತರು ಅಂತಲೂ ಅಲ್ಲ. ಬಾಣಂತಿ ಸನ್ನಿ ಬಂದೋರಲ್ಲಿ ಗುಣ ಆಗೋರು ಬಹಳ ಜನ, ಗುಣವಾಯ್ತು ಅಂತ ಆಸ್ಪತ್ರೆ ಬರೆದ್ರೂ ಮನೆಯಿಂದ ಯಾರೂ ಬಂದು ಕರ್ಕೊಂಡು ಹೋಗದೆ ಉಳಿದ ಹೆಂಗಸರಿದ್ರು, ಬಿಡುಗಡೆ ಆಗಿ ಇನ್ನೆಲ್ಲೋ ಬದುಕಿದೋರೂ ಇದ್ರು. ಅದಕ್ಕೇ ಡಿಸ್ಚಾರ್ಜ್ ರಿಜಿಸ್ಟರನ್ನೂ ತಪ್ಪದೆ ಕೇಳಿ, ಯಾರ ಸುಪರ್ದಿಗೆ ಬಿಟ್ಟರು ಅಂತ ಅದರಲ್ಲಿ ಇರಬಹುದು. ಇನ್ನೊಂದು ಸಾಧ್ಯತೆ, ಅವರನ್ನ ಆಸ್ಪತ್ರೆಗೇ ಸೇರಿಸದೆ ಗಾಣಗಾಪುರದಂಥ ಕ್ಷೇತ್ರಕ್ಕೆ ಕರ್ಕೊಂಡು ಹೋಗಿದ್ದು. ನಿಮ್ಮ ಕಡೆಯವರು ಗಾಳಿ ಸೋಕಿದೆ ಅಂತ ಅಲ್ಲಿಗೆ ಹೋಗೋದು ಹಿಂದಿಂದ ಇದೆ. ಕ್ಷಯ ಬಂದೋರನ್ನೂ ಕುಷ್ಠ ಬಂದೋರನ್ನೂ ದೂರದ ಆಸ್ಪತ್ರೆಗೆ ಬಿಟ್ಟು ಮನೇಲಿ ಹೆಸರೆತ್ತದೆ ಇರ್ತಿದ್ದ ಕಾಲ ಅದು, ಹಾಗಾಗಿ ತಲೆ ಕೆಟ್ಟಿತ್ತು ಅನ್ನೋ ಮಾತು ಮೊದಲಿಂದ ಇತ್ತಾ, ಆಮೇಲೆ ಸೇರ್ಕೊಂಡಿದ್ದಾ ಅಂತ ಇಬ್ಬರು ಮೂವರ ಹತ್ರ ಬೇರೆ ಬೇರೆಯಾಗಿ ಕೇಳಿ.

ಫೈಲ್ ಕೈಗೆ ಬಂದ್ರೆ ಅದರ ಭಾಷೆ ನೋಡಿ ಎದೆ ಒಡ್ಕೋಬೇಡಿ. ಮೇನಿಯಾ, ಮೆಲಂಕೋಲಿಯಾ, ಡಿಮೆನ್ಷಿಯಾ, ಪ್ಯೂರ್ಪೆರಲ್ ಇನ್ಸ್ಯಾನಿಟಿ (ಬಾಣಂತಿ ಸನ್ನಿ) ಇವೆಲ್ಲ ಆ ಕಾಲದ ಹಣೆಪಟ್ಟಿಗಳು, ಈಗಿನ ಡಾಕ್ಟರು ಅದೇ ರೋಗಿಗೆ ಬೇರೆ ಹೆಸರು ಕೊಡ್ತಾರೆ. ಡಿಮೆನ್ಷಿಯಾ ಅಂತ ಇಪ್ಪತ್ತು ವರ್ಷದ ಹುಡುಗಿಗೆ ಬರೆದಿದ್ರೆ ಅದು ಈಗ ನಾವು ಹೇಳೋ ಮರೆವಿನ ಕಾಯಿಲೆ ಅಲ್ಲ. ಅಪಸ್ಮಾರ ಬರ್ತಿದ್ದೋರನ್ನೂ ಅಲ್ಲೇ ಇಡ್ತಿದ್ರು. ಓದೋಕೆ ಒಬ್ಬ ಸೈಕಿಯಾಟ್ರಿಸ್ಟ್ ಸಹಾಯ ತಗೊಳ್ಳಿ, ವಂಶದಲ್ಲಿ ಇದೆಯಾ ಅಂತ ಮಕ್ಕಳ ಮದುವೆ ವಿಷಯದಲ್ಲಿ ಹೆದರೋ ಮನೆಯವರಿಗೂ ಅವರ ಬಾಯಿಂದಲೇ ಉತ್ತರ ಬರಲಿ.

ಅರ್ಜಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಆ ಎರಡು ಮಕ್ಕಳಲ್ಲಿ ಯಾರಾದ್ರೂ ಬದುಕಿದ್ರೆ, ಇಲ್ಲಾ ಅವರ ಮಕ್ಕಳಿದ್ರೆ, ಅವರನ್ನ ಹುಡುಕಿ ಮಾತಾಡಿ. ತಾಯಿ ಅವರದ್ದು. ತಾಯಿ ಎಲ್ಲಿಗೆ ಹೋದ್ಲು ಅಂತ ಗೊತ್ತಿಲ್ಲದೆ ಬೆಳೆದೋರು ಅವರು, ಅವರಿಗೆ ಈ ವಿಷಯ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಂದ ಗೊತ್ತಾಗಬಾರದು. ಅವರು ಒಪ್ಪಿದ್ರೆ ಅರ್ಜಿಗೆ ಅವರದೇ ಸಹಿ ಹಾಕಿಸಿ, ಅಕ್ಕನ ಮೊಮ್ಮಕ್ಕಳು ಕೇಳೋದಕ್ಕೂ ಹೆತ್ತ ಮಗ ಮಗಳು ಕೇಳೋದಕ್ಕೂ ಆಸ್ಪತ್ರೆಯವರು ಕೊಡೋ ಉತ್ತರದಲ್ಲಿ ವ್ಯತ್ಯಾಸ ಇರುತ್ತೆ. ಅವರು ಬೇಡ ಅಂದ್ರೆ ಯಾಕೆ ಬೇಡ ಅಂತ ಕೂತು ಕೇಳಿ, ಪತ್ರ ಆಮೇಲೆ ಬರೆದ್ರಾಯ್ತು.